ರಿಜಿಸ್ಟರು, ಹಂಚು, ಸಮಾಧಿಕಲ್ಲು: ಸಭೆಯ ಚರಿತ್ರೆಗೆ ದುಡಿದವರಿಗೆ ವಂದನೆ

ಕರಾವಳಿಯ ನಮ್ಮ ಸಣ್ಣ ಪೇಟೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಸಭೆಯ, ಅಂದರೆ ಇಲ್ಲಿನ ಕ್ರೈಸ್ತ ಸಮುದಾಯದ, ಚರಿತ್ರೆಯ ಕಡತ ಕೊನೆಗೂ ಪೂರ್ತಿಯಾಗಿ ದೇವಾಲಯದ ಕಪಾಟು ಸೇರಿದೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಕೆಲಸದ ಹೆಸರಲ್ಲೇ ವಂದನೆ ಹೇಳುತ್ತೇವೆ.

1834ರಲ್ಲಿ ಮಿಶನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದದ್ದು, 1836ರಲ್ಲಿ ಮೊಗ್ಲಿಂಗ್ ಸೇರಿಕೊಂಡದ್ದು, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರಲ್ಲಿ ಹೊರಬಂದ ಕಿಟೆಲ್ಲರ ನಿಘಂಟು, ಇಷ್ಟನ್ನು ಯಾವ ಪುಸ್ತಕ ತೆರೆದರೂ ಓದಬಹುದು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವನ ಮಗಳ ದೀಕ್ಷಾಸ್ನಾನ ಯಾವ ದಿನ ಆಯಿತು ಎಂಬುದು ಅಲ್ಲಿಲ್ಲ. ಅದಕ್ಕೆ ಸಭೆಯ ರಿಜಿಸ್ಟರೇ ಗತಿ.

ಆದ್ದರಿಂದ ಮೊದಲ ವಂದನೆ ರಿಜಿಸ್ಟರಿನ ಹಳೆಯ ಜರ್ಮನ್ ಕೈಬರಹ ಓದಿಕೊಟ್ಟವರಿಗೆ. ಜರ್ಮನ್ ಬಂದರೆ ಸಾಲದು. ಆಗಿನವರು ಬರೆಯುತ್ತಿದ್ದದ್ದು ಕುರ್ರೆಂಟ್ ಎಂಬ ಹಳೆಯ ಜರ್ಮನ್ ಕೂಡುಬರಹದ ಲಿಪಿ. ಅದರಲ್ಲಿ ‘ಇ’ (e) ಅಕ್ಷರವೂ ‘ಎನ್’ (n) ಅಕ್ಷರವೂ ಅಣ್ಣತಮ್ಮಂದಿರ ಹಾಗೆ, ಎರಡೂ ಬರೀ ಮೇಲೆ ಕೆಳಗೆ ಎಳೆದ ಕಡ್ಡಿ. ‘ಯು’ (u) ಕೂಡ ಅದೇ ಕಡ್ಡಿ, ತಲೆಯ ಮೇಲೊಂದು ಕೊಂಕು ಇರುತ್ತದೆ ಅಷ್ಟೆ. ಶಾಯಿ ಮಾಸಿ ಆ ಕೊಂಕು ಹೋದರೆ ಹೆಸರೇ ಬೇರೆಯಾಗುತ್ತದೆ. ಇದರ ಮೇಲೆ ಉಚ್ಚಾರದ ಗೊಂದಲ: ಜರ್ಮನ್ನರ ‘ಜೆ’ ನಮ್ಮ ‘ಯ’, ಅವರ ‘ಡಬ್ಲ್ಯು’ ನಮ್ಮ ‘ವ’. ‘ಯೋಹಾನ’ ಕಾಣದಿದ್ದರೆ ‘ಜೆ’ ಕೆಳಗೆ ಹುಡುಕಬೇಕು. ಇಂಗ್ಲಿಷ್ ಅಭ್ಯಾಸದಲ್ಲಿ ಓದಿದವರು ಒಬ್ಬನನ್ನೇ ಇಬ್ಬರಾಗಿ ಎಣಿಸಿಬಿಡುತ್ತಾರೆ. ಕೋಟ್ಯಾನ್, ಬಂಗೇರ, ಅಂಚನ್ ಮುಂತಾದ ತುಳು ಬರಿಯ (ಕುಲದ) ಹೆಸರುಗಳನ್ನು ಕ್ರೈಸ್ತರಾದ ಮೇಲೂ ಹಲವು ಮನೆಯವರು ಉಳಿಸಿಕೊಂಡದ್ದು ಇಲ್ಲಿ ನಮ್ಮ ಕೈ ಹಿಡಿಯಿತು. ಪೇತ್ರ, ಯಾಕೋಬ ಎಂಬ ಹೆಸರು ಪುಟಕ್ಕೆ ನಾಲ್ಕು ಸಿಕ್ಕಾವು, ಬರಿಯೂ ತಂದೆಯ ಹೆಸರೂ ಕೂಡಿದರೆ ಮಾತ್ರ ಮನುಷ್ಯ ಗುರುತಾಗುತ್ತಾನೆ.

ಎರಡನೆಯದಾಗಿ, ಎರಡೆರಡು ಸಲ ಎಣಿಸಿದ್ದನ್ನು ಹಿಡಿದ ಹಿರಿಯ ಮಹಿಳೆಯರಿಗೆ. ಮಿಶನಿನ ಹಂಚಿನ ಕಾರ್ಖಾನೆಗಳು ಜೆಪ್ಪು, ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಯಲ್ಲೆಲ್ಲ ಇದ್ದುದರಿಂದ ಕೆಲಸದ ಜೊತೆ ಸಂಸಾರವೂ ಊರು ಬದಲಿಸುತ್ತಿತ್ತು. ಒಂದು ಸಭೆಯಲ್ಲಿ ದೀಕ್ಷಾಸ್ನಾನ, ಇನ್ನೊಂದರಲ್ಲಿ ದೃಢೀಕರಣ (ದೊಡ್ಡವರಾದ ಮೇಲೆ ನಂಬಿಕೆಯನ್ನು ಸ್ಥಿರಪಡಿಸುವ ವಿಧಿ), ಮೂರನೆಯದರಲ್ಲಿ ಮದುವೆ. ವರ್ಗಾವಣೆ ಪತ್ರ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಬಾಯಿಮಾತಿನ ಸಂಬಂಧವೇ ಆಧಾರ. ‘ಅವಳು ಇವನ ಅತ್ತೆಯ ತಂಗಿ’ ಎಂಬ ಒಂದು ಮಾತಿಗೆ ಪಟ್ಟಿಯ ಮೂರು ಸಾಲು ಅಳಿಸಿಹೋದದ್ದುಂಟು.

ಮೂರನೆಯದು ಮಾಡು (ಛಾವಣಿ) ಹತ್ತಿದವರಿಗೆ. ದೇವಾಲಯದ ಹಂಚಿನಲ್ಲಿ 1865 ಎಂದು ಒತ್ತಿದೆ, ಹಾಗಾಗಿ ದೇವಾಲಯ ಆ ವರ್ಷದ್ದು ಎಂದು ಊರಿಡೀ ನಂಬಿತ್ತು. ಅದು ಮಿಶನಿನ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಇಸವಿ, ಹಂಚು ಸುಟ್ಟ ಇಸವಿ ಅಲ್ಲ. ಆ ಮುದ್ರೆ ಮುಂದೆಯೂ ಬಹುಕಾಲ ಹಂಚಿನ ಮೇಲೆ ಬೀಳುತ್ತಿತ್ತು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಆ ಹೆಸರಿನ ಹಂಚು ಕಂಡರೆ ಅಷ್ಟು ಭಾಗ ಯುದ್ಧದ ಆಚೆಗಿನದು ಎನ್ನಬಹುದು. ಅದೂ ಮಾಡಿನ ವಯಸ್ಸೇ ಹೊರತು ಗೋಡೆಯದಲ್ಲ, ಏಕೆಂದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಒಡೆದದ್ದನ್ನು ತೆಗೆದು ಸಿಕ್ಕಿದ್ದನ್ನು ಹೊದೆಸುವುದು ಇಲ್ಲಿನ ವಾಡಿಕೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು. ಒಂದೊಂದನ್ನೇ ಮಗುಚಿ, ಯಾವ ಸಾಲಿನಲ್ಲಿ ಯಾವ ಮುದ್ರೆ ಎಂದು ಬರೆಸಿದವರ ಬೆನ್ನುನೋವು ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಯುದ್ಧದ ಗುರುತು ಹಂಚಿಗಿಂತ ಮೊದಲು ರಿಜಿಸ್ಟರಿನಲ್ಲೇ ಬಿದ್ದಿದೆ. 1914ರ ನಂತರ ಜರ್ಮನ್ ಮಿಶನರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. ಪುಟ ತಿರುವುತ್ತ ಬಂದರೆ ಬಲಕ್ಕೆ ವಾಲಿದ ಆ ಚೂಪು ಅಕ್ಷರ ನಿಂತೇಹೋಗುತ್ತದೆ. ಮುಂದಿನ ಸಾಲಿನಿಂದ ದುಂಡನೆಯ ಕನ್ನಡ, ನಮ್ಮವರೇ ಆದ ಸಭಾಪಾಲಕರದ್ದು. ಕಾರ್ಖಾನೆಯ ಆಸರೆ ತಪ್ಪಿದ ಮೇಲೂ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ಸಭೆ ತನ್ನ ಕಾಲ ಮೇಲೆ ನಿಂತದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆಂದು ನಮಗಂತೂ ಅನಿಸುವುದಿಲ್ಲ. ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದ್ದು 1947ರ ಸೆಪ್ಟೆಂಬರ್ 27ಕ್ಕೆ, ಆ ಭಾಗವನ್ನು ಕಡತದಲ್ಲಿ ಚುಟುಕಾಗಿಯೇ ಇಟ್ಟಿದ್ದೇವೆ.

ಕಾಗದ ಉಳಿಸಿಕೊಟ್ಟವರದ್ದು ದೊಡ್ಡ ಋಣ. ಹಳೆಯ ಶಾಯಿ ಮಾಚಿಕಾಯಿಯ ಒಗರಿಗೆ ಕಬ್ಬಿಣದ ಉಪ್ಪು ಬೆರೆಸಿ ಮಾಡಿದ್ದು. ಅದರ ಹುಳಿ ಮಳೆಗಾಲದ ತೇವಕ್ಕೆ ಚುರುಕಾಗಿ ಕಾಗದವನ್ನೇ ತಿನ್ನುತ್ತದೆ, ದಪ್ಪಗೆ ಬರೆದ ಅಕ್ಷರ ತೂತಾಗಿ ಉದುರುತ್ತದೆ. ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಚ್ಚಿದ ಸೆಲ್ಲೋಟೇಪು ಈಗ ಕಂದು ಪಟ್ಟೆಯಾಗಿದೆ, ಅಂಟು ಕಾಗದದೊಳಗೆ ಇಳಿದಿದೆ. ಆ ಪುಟಗಳನ್ನು ಕೀಳಲು ಹೋಗದೆ ಹಾಗೇ ಬಿಟ್ಟ ವಿವೇಕಕ್ಕೆ ವಂದನೆ. ಫೋಟೋ ತೆಗೆದವರು ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ಹವೆಯನ್ನೇ ಆರಿಸಿಕೊಂಡರು. ಕಿಟಕಿಯ ಬೆಳಕು, ಫ್ಲ್ಯಾಶ್ ಇಲ್ಲ, ಫೋನು ಪುಟಕ್ಕೆ ನೇರ ಮೇಲೆ, ನಾಲ್ಕು ಮೂಲೆಯೂ ಕಾಣುವಂತೆ, ಖಾಲಿ ಪುಟವನ್ನೂ ಬಿಡದೆ. ಖಾಲಿ ಪುಟ ಬಿಟ್ಟರೆ ಪುಟ ಹರಿದಿದೆಯೋ ಬರೆದೇ ಇಲ್ಲವೋ ಎಂದು ಮುಂದೆ ತಿಳಿಯುವುದಿಲ್ಲ.

ಸಮಾಧಿಕಲ್ಲಿನ ಪಾಚಿಯನ್ನು ಆಸಿಡ್ ಮುಟ್ಟಿಸದೆ ಬರೀ ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೆಗೆದ ಯುವಕ ಸಂಘದವರನ್ನು ಮರೆಯುವ ಹಾಗಿಲ್ಲ. ಅಕ್ಷರ ಕಾಣದ ಕಡೆ ಸಂಜೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರು, ನೆರಳಿನಲ್ಲಿ ಇಸವಿ ಎದ್ದುಬಂತು.

ಮನೆಯ ಟ್ರಂಕಿನಲ್ಲಿ ಇನ್ನೂ ದೃಢೀಕರಣದ ಸರ್ಟಿಫಿಕೇಟು, ವರ್ಗಾವಣೆ ಪತ್ರ, ಹಳೆಯ ಗುಂಪುಫೋಟೋ ಇದ್ದವರು ಭಾನುವಾರ ಆರಾಧನೆ ಮುಗಿದ ಮೇಲೆ ತನ್ನಿ. ಅಲ್ಲೇ ಫೋಟೋ ತೆಗೆದು ಕೈಗೆ ಹಿಂದಿರುಗಿಸುತ್ತೇವೆ. ದಯವಿಟ್ಟು ಲ್ಯಾಮಿನೇಟ್ ಮಾಡಿಸಿ ತರಬೇಡಿ.