ಎಂಎಸ್‌ಸಿ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಮೊನ್ನೆ ರಿಸಲ್ಟ್ ಬಂತು. ಸಸ್ಯಶಾಸ್ತ್ರ, ಫಸ್ಟ್ ಕ್ಲಾಸ್. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಬಿಳಿಗಿರಿರಂಗನ ಬೆಟ್ಟದ ನಮ್ಮ ಪೋಡಿನಲ್ಲಿ, ಅಂದರೆ ನಮ್ಮ ಸೋಲಿಗರ ಹಾಡಿಯಲ್ಲಿ, ನೆಟ್‌ವರ್ಕ್ ಸಿಗುವುದು ಒಂದೇ ಒಂದು ಬಂಡೆ ಮೇಲೆ, ಅದೂ ಅದಕ್ಕೆ ಮನಸ್ಸು ಬಂದರೆ.

ಗೈಡ್ ಮೇಡಂ, ನೋಟ್ಸ್ ಕೊಟ್ಟ ಗೆಳತಿಯರು, ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಟ್ಟ ಅಣ್ಣಂದಿರು, ಜೇನು ಮಾರಿದ ದುಡ್ಡು ಕಳಿಸಿದ ಮಾವ, ಎಲ್ಲರಿಗೂ ಥ್ಯಾಂಕ್ಸ್.

ಹಾಸ್ಟೆಲ್ಲಿನ ಅಡುಗೆ ಅಕ್ಕನ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಮೊದಲ ಸೆಮಿಸ್ಟರಿನಲ್ಲಿ ಓದು ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತ್ತು. ಒಂದು ರಾತ್ರಿ ಯಾರಿಗೂ ಹೇಳದೆ ಬ್ಯಾಗ್ ತುಂಬಿಕೊಂಡು ಮೈಸೂರಿನ ಸಬ್‌ಅರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಚಾಮರಾಜನಗರದ ಬಸ್ಸು ಹೋಗಿಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ಅಕ್ಕ, ಕೈಯಲ್ಲಿ ಮುದ್ದೆ ಡಬ್ಬಿ. ನಾನು ಊಟಕ್ಕೆ ಬಂದಿಲ್ಲ ಅಂತ ಗಮನಿಸಿದ್ದು ಅವರೊಬ್ಬರೇ.

ವಾಪಸ್ ಬಾ ಅನ್ನಲಿಲ್ಲ. ಪಕ್ಕದಲ್ಲಿ ಕೂತು, "ನಿಮ್ ಬೆಟ್ಟದಲ್ಲಿ ಈಗ ಏನ್ ಸಿಗ್ತದವ್ವಾ?" ಅಂದರು. ನೆಲ್ಲಿಕಾಯಿ ಅಂದೆ. ಅಲ್ಲಿಂದ ಶುರುವಾದ ಮಾತು ಬೆಳಗಿನ ಜಾವದವರೆಗೂ ಹೋಯಿತು. ನೆಲ್ಲಿ ಮರಕ್ಕೆ ಉಪ್ಪಿಲು, ಅಂದರೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಬಂದಳಿಕೆ, ಹತ್ತುತ್ತದೆ, ಹಿಂದೆ ನೆಲದ ಒಣ ಎಲೆಗೆ ತರಗು ಬೆಂಕಿ ಹಾಕುತ್ತಿದ್ದಾಗ ಅದು ಹತೋಟಿಯಲ್ಲಿತ್ತು, ಬೆಂಕಿ ನಿಲ್ಲಿಸಿದ ಮೇಲೆ ಮರಗಳೇ ಒಣಗುತ್ತಿವೆ ಅಂತ ಅಪ್ಪ ಹೇಳುವುದನ್ನೆಲ್ಲ ಹೇಳಿದೆ. ಮಧ್ಯೆ ಮಧ್ಯೆ ಅಳು. ನನ್ನ ಇಂಗ್ಲಿಷಿಗೆ ಕ್ಲಾಸಿಡೀ ನಕ್ಕಿದ್ದು, "ಕೋಟಾದವಳು" ಅಂತ ಹಿಂದಿನ ಬೆಂಚಿನಿಂದ ಅಂದಿದ್ದು. ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ಅಕ್ಕ ಅದಕ್ಕೇನೂ ಹೇಳಲಿಲ್ಲ. ಮುದ್ದೆ ಮುರಿದು ಕೈಗೆ ಕೊಟ್ಟರು. ನಾಲ್ಕೂವರೆಗೆ ಎದ್ದು, "ತಿಂಡಿಗೆ ಹೊತ್ತಾಯ್ತು, ಈರುಳ್ಳಿ ಹೆಚ್ಚಾಕೆ ಬತ್ತೀಯಾ?" ಅಂದರು.

ಹೋದೆ. ಅಷ್ಟೇ.

ಆಮೇಲೆ ಪ್ರಾಜೆಕ್ಟಿಗೆ ಉಪ್ಪಿಲನ್ನೇ ತೆಗೆದುಕೊಂಡೆ. ವೈವಾದಲ್ಲಿ "ಈ ವಿಷಯ ಹೇಗೆ ಹೊಳೆಯಿತು?" ಅಂದಾಗ ಅಪ್ಪನ ಹೆಸರು ಹೇಳಿದೆ. 2011ರಲ್ಲಿ ನಮ್ಮ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತಲ್ಲ, ಆ ಅರ್ಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಅವರೂ ಒಬ್ಬರು. ಈಗ ಕೆಲವರು "ಕಾಡಿನಿಂದ ಇಷ್ಟು ಮುಂದೆ ಬಂದೆಯಲ್ಲ" ಅಂತ ಮೆಸೇಜ್ ಹಾಕುತ್ತಿದ್ದಾರೆ. ಪ್ರೀತಿಯಿಂದಲೇ ಅಂತಾರೆ, ಗೊತ್ತು. ಆದರೆ ನಾನು ಪ್ರಾಜೆಕ್ಟ್ ಮಾಡಿದ್ದೇ ಕಾಡಿಗೆ ವಾಪಸ್ ಹೋಗಿ, ಅಲ್ವಾ?

ಮುಂದಿನ ವಾರ ಮಾರ್ಕ್ಸ್ ಕಾರ್ಡಿಗೆ ಮೈಸೂರಿಗೆ ಬರುತ್ತೇನೆ, ಅಕ್ಕನಿಗೆ ಒಂದು ಬಾಟಲ್ ಜೇನು ತರುತ್ತೇನೆ. ಅವರದು ಬಟನ್ ಫೋನು. ಹಾಸ್ಟೆಲ್ಲಿನಲ್ಲಿರುವ ಯಾರಾದರೂ ಇದನ್ನು ಅವರಿಗೆ ಓದಿ ಹೇಳಿ, ತಿಂಡಿ ಕೆಲಸ ಮುಗಿದ ಮೇಲೆ.