ಹಿಂದೆ ಬಿದ್ದವನನ್ನು ‘ಪಾಗಲ್ ಪ್ರೇಮಿ’ ಎನ್ನಬೇಡಿ

ಮಾನ್ಯ ಸಂಪಾದಕರೆ,

ಮಂಗಳವಾರದ ಸಂಚಿಕೆಯ ಮೂರನೇ ಪುಟದಲ್ಲಿ ‘ಚಿತ್ರಮಂದಿರದಲ್ಲಿ ಪಾಗಲ್ ಪ್ರೇಮಿಯ ರಂಪಾಟ’ ಎಂದು ಸುದ್ದಿ ಹಾಕಿದ್ದೀರಿ. ಭಾನುವಾರ ಫಸ್ಟ್ ಶೋ ಬಿಟ್ಟ ಹೊತ್ತಿಗೆ ನಾನೂ ನನ್ನ ಮಗಳೂ ಅದೇ ಸ್ಟ್ಯಾಂಡಿನಲ್ಲಿ ಗಾಡಿ ತೆಗೆಯುತ್ತಿದ್ದೆವು. ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಪ್ರೇಮಿ ಯಾರೂ ಇರಲಿಲ್ಲ. ಒಬ್ಬ ಹುಡುಗ ಒಂದು ಹೆಣ್ಣುಮಗಳ ಸ್ಕೂಟಿ ಕೀ ಕಿತ್ತುಕೊಂಡು ಇಪ್ಪತ್ತು ನಿಮಿಷ ಕೊಡದೆ ನಿಂತಿದ್ದ. ‘ನೀನು ಯಾರು ಅಂತಾನೇ ನಂಗೆ ಗೊತ್ತಿಲ್ಲ, ಕೀ ಕೊಡೋ’ ಎಂದು ಅವಳು ಅಳುತ್ತಿದ್ದಳು. ಆಗಷ್ಟೇ ಸಿನಿಮಾದಲ್ಲಿ ಕೇಳಿದ ಮಾತನ್ನೇ ಅವನು ತಿರುಗಿಸಿ ಹೇಳುತ್ತಿದ್ದ. ಸುತ್ತ ನಿಂತ ಐದಾರು ಜನ ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಬಿಡಿಸಲು ಒಬ್ಬರೂ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕೀ ಕಿತ್ತುಕೊಂಡೆ.

ನಿಮ್ಮ ವರದಿಯಲ್ಲಿ ಅವಳ ಕಾಲೇಜು ಯಾವುದು, ಬಡಾವಣೆ ಯಾವುದು, ಅಪ್ಪ ಏನು ಕೆಲಸ ಮಾಡುತ್ತಾರೆ ಎಲ್ಲ ಇದೆ. ಅವನ ಬಗ್ಗೆ ‘ಯುವಕ’ ಎಂದಷ್ಟೇ ಇದೆ. ‘ಪ್ರೀತಿ ನಿರಾಕರಿಸಿದ್ದಕ್ಕೆ ಮನನೊಂದು’ ಎಂದು ಬೇರೆ ಸೇರಿಸಿದ್ದೀರಿ. ಮೂರು ತಿಂಗಳು ಬಸ್ ಸ್ಟಾಪಿನಲ್ಲಿ ದೂರದಿಂದ ನೋಡಿದವನಿಗೆ ಯಾವ ಪ್ರೀತಿ, ಯಾರ ನಿರಾಕರಣೆ?

ಆ ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ. ನೋಡಿದವರಿಗೆ ಗೊತ್ತು, ಅದು ಹುಡುಗಿಯ ಕಡೆ ನಿಂತು ಹೇಳಿದ ಕಥೆ. ಮೆಡಿಕಲ್ ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಅವಳು ಸುಮ್ಮನೆ ನಕ್ಕದ್ದನ್ನು ಕಥೆಯಲ್ಲಿ ಹಿಂದೆ ಬೀಳುವವನು ಒಪ್ಪಿಗೆ ಎಂದುಕೊಳ್ಳುತ್ತಾನೆ. ಅವಳು ಕೊಟ್ಟ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾನೆ. ಅವಳು ಬೈದರೆ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎನ್ನುತ್ತಾನೆ, ನಂಬರ್ ಬದಲಿಸಿದರೆ ಮನೆಯವರ ಬಲವಂತಕ್ಕೆ ಬದಲಿಸಿದಳು ಎನ್ನುತ್ತಾನೆ. ಅವಳು ಏನು ಮಾಡಿದರೂ ಅವನಿಗೆ ಅದು ಹೌದು ಎಂದೇ ಕೇಳಿಸುತ್ತದೆ. ಈ ಗೀಳನ್ನು ನಿರ್ದೇಶಕರು ಎಷ್ಟು ಚೆನ್ನಾಗಿ ತೋರಿಸಿದ್ದಾರೆಂದರೆ, ಕಿಟಕಿಯ ಆಚೆ ಅವನು ನಿಂತಿರುವ ದೃಶ್ಯದಲ್ಲಿ ಕ್ಯಾಮೆರಾ ಹೊರಗೆ ಹೋಗುವುದೇ ಇಲ್ಲ. ಕೋಣೆಯೊಳಗೆ ಅವಳ ಜೊತೆಗೇ ಕೂತಿರುತ್ತದೆ. ನನ್ನ ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ಆ ದೃಶ್ಯಕ್ಕೇ ಮುಂದಿನ ಸಾಲುಗಳಲ್ಲಿ ಶಿಳ್ಳೆ ಬಿತ್ತು. ಅವನು ಮೊದಲ ಸಲ ಅವಳ ಕೈ ಎಳೆದಾಗ ಚಪ್ಪಾಳೆ. ಅವಳು ಬಾಗಿಲು ಹಾಕಿಕೊಂಡಾಗ ಅವಳಿಗೆ ಬೈಗುಳ. 2000ರಲ್ಲಿ ‘ಪ್ರೀತ್ಸೆ’ ಬಂದಾಗ ನನಗೆ ಇಪ್ಪತ್ತು ವರ್ಷ. 1993ರ ಹಿಂದಿಯ ‘ಡರ್’ ಚಿತ್ರವನ್ನು ಕನ್ನಡಕ್ಕೆ ತಂದದ್ದು ಅದು. ನಾಯಕಿಯ ಹಿಂದೆ ಬೀಳುವವನ ಪಾತ್ರದಲ್ಲಿ ಉಪೇಂದ್ರ, ಅವಳನ್ನು ಕಾಯುವವರು ಶಿವರಾಜ್‌ಕುಮಾರ್. ನಾನು ನೋಡಿದ ಆಟದಲ್ಲಿ ಹಿಂದೆ ಬೀಳುವವನಿಗೇ ಶಿಳ್ಳೆ ಬಿದ್ದಿತ್ತು. ಗೆಳತಿಯರೊಂದಿಗೆ ನಾನೂ ನಕ್ಕಿದ್ದೆ, ಆಗ ಬುದ್ಧಿ ಇರಲಿಲ್ಲ. ಈಗ ಅದೇ ಊರಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಶಿಳ್ಳೆ ಕೇಳಬೇಕಾಯಿತು.

ಇನ್ನೊಂದು ವಿಷಯ. ಚಿತ್ರಕ್ಕೆ ‘ಎ’ ಸರ್ಟಿಫಿಕೇಟ್ ಇದೆ, ಅಂದರೆ ಹದಿನೆಂಟು ತುಂಬದವರನ್ನು ಒಳಗೆ ಬಿಡುವಂತಿಲ್ಲ. 2023ರ ಸಿನಿಮಾ ಕಾಯ್ದೆಯ ತಿದ್ದುಪಡಿಯಲ್ಲಿ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ವರ್ಗವನ್ನು ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಪ್ರಕಾರ ಒಡೆದಿದ್ದಾರೆ, ಎ ಹಾಗೇ ಇದೆ. ಇಷ್ಟೆಲ್ಲ ನಿಯಮ ಇಟ್ಟುಕೊಂಡು ಗೇಟಿನಲ್ಲಿ ನೋಡಿದ್ದೇನು? ನನ್ನ ಬ್ಯಾಗು ತೆಗೆಸಿ ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಮೀಸೆ ಚಿಗುರದ ಪಿಯುಸಿ ಹುಡುಗರ ಒಂದು ಸಾಲೇ ಒಳಗೆ ಹೋಯಿತು, ಒಬ್ಬನ ವಯಸ್ಸನ್ನೂ ಕೇಳಲಿಲ್ಲ. ಇಂಟರ್ವಲ್‌ನಲ್ಲಿ ಹೆಂಗಸರ ಶೌಚಾಲಯದ ದಾರಿಯಲ್ಲಿ ದೀಪವಿಲ್ಲ. ಮಗಳ ಜೊತೆ ನಾನು ಹೋಗಬೇಕಾಯಿತು, ನನ್ನ ಜೊತೆ ಅವಳು.

ಆ ಹುಡುಗಿಯನ್ನು ಒಬ್ಬಳೇ ಕಳಿಸಲು ಮನಸ್ಸು ಬರದೆ ಠಾಣೆಗೆ ಕರೆದುಕೊಂಡು ಹೋದೆವು. ಅಗೆದು ಬಿಟ್ಟ ಚರಂಡಿಯ ಮಣ್ಣಿನಲ್ಲಿ ಗಾಡಿ ಜಾರಿ ನನ್ನ ಚಪ್ಪಲಿ ಹರಿಯಿತು. ಬರಿಗಾಲಲ್ಲೇ ಒಳಗೆ ಹೋದೆ. ಒಂದೂವರೆ ಗಂಟೆ ಕೂರಿಸಿದರು. ಕೊನೆಗೆ ಹೇಳಿದ್ದು ಇಷ್ಟು: ‘ಎಫ್‌ಐಆರ್ ಅಂದ್ರೆ ಕೋರ್ಟು ಅಲೀಬೇಕಾಯ್ತದಮ್ಮ. ಹೆಣ್ಣುಮಗು ಭವಿಷ್ಯ ನೋಡ್ಕಳಿ. ಹುಡುಗನ ಹತ್ರ ಮುಚ್ಚಳಿಕೆ ಬರೆಸ್ಕಂಡು ಕಳಿಸ್ತೀವಿ. ಏನೋ ಸಿನಿಮಾ ನೋಡ್ಕಂಡು ಹಂಗಾಡವ್ನೆ.’ ನಾವು ಮನೆ ಸೇರಿದಾಗ ಹನ್ನೊಂದೂಮುಕ್ಕಾಲು. ಸೋಮವಾರ ಬೆಳಿಗ್ಗೆ ಮಗಳಿಗೆ ಇಂಟರ್ನಲ್ಸ್ ಇತ್ತು, ಓದದೆ ಹೋದಳು. ಹೇಳಿಕೆ ಬರೆಸಲು ನನ್ನನ್ನು ಮತ್ತೆ ಕರೆಸಿದರು. ಎರಡು ದಿನ ಅಂಗಡಿ ಮುಚ್ಚಿದೆ.

ಅಂಗಡಿ ಎಂದರೆ ಕೋರ್ಟಿನ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಕೆಲಸ. ಹಾಗಾಗಿ ಮುಚ್ಚಳಿಕೆಯ ಬೆಲೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ‘ಇನ್ನು ಮುಂದೆ ಸದರಿಯವರ ತಂಟೆಗೆ ಹೋಗುವುದಿಲ್ಲ’ ಎಂಬ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಅದೇ ಹೆಸರು ಆರು ತಿಂಗಳಿಗೆ ಮತ್ತೆ ಬರುತ್ತದೆ, ಈ ಸಲ ಹುಡುಗಿಯ ಅಪ್ಪ ದೂರು ತಂದಿರುತ್ತಾರೆ, ಹುಡುಗಿ ಆಸ್ಪತ್ರೆಯಲ್ಲಿರುತ್ತಾಳೆ. ಇದನ್ನು ಎರಡು ಸಲ ಕಂಡಿದ್ದೇನೆ. ಆ ಎರಡು ಫೈಲುಗಳನ್ನು ಟೈಪ್ ಮಾಡಿದ ದಿನ ಊಟ ಸೇರಲಿಲ್ಲ.

2013ಕ್ಕೆ ಮುಂಚೆ ಹಿಂಬಾಲಿಸುವುದಕ್ಕೆಂದೇ ಒಂದು ಸೆಕ್ಷನ್ ಇರಲಿಲ್ಲ. ನನ್ನ ಹತ್ತಿರ ಬರುತ್ತಿದ್ದವರು ಹಳೆಯ ದಂಡ ಸಂಹಿತೆಯ (ಐಪಿಸಿ) 509, ಅಂದರೆ ಮಾತು-ಸನ್ನೆಯಿಂದ ಹೆಣ್ಣಿನ ಮಾನಕ್ಕೆ ಕುಂದು ತರುವುದು, ಎಂದು ಹಾಕಿಸುತ್ತಿದ್ದರು. 2012ರಲ್ಲಿ ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣವಾಗಿ, ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ ಐಪಿಸಿಗೆ 354-ಡಿ ಬಂತು. 2024ರ ಜುಲೈ 1ರಿಂದ ಅದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 78. ತನಗೆ ಆಸಕ್ತಿಯಿಲ್ಲ ಎಂದು ಹೆಣ್ಣು ತಿಳಿಸಿದ ಮೇಲೂ ಪದೇಪದೇ ಹಿಂದೆ ಹೋಗುವುದು, ಮಾತಾಡಿಸಲು ನೋಡುವುದು, ಅವಳ ಇಂಟರ್ನೆಟ್ ಮೇಲೆ ಕಣ್ಣಿಡುವುದು ಎಲ್ಲವೂ ಅದರಲ್ಲಿದೆ. ಮೊದಲ ಸಲ ಮೂರು ವರ್ಷದವರೆಗೆ ಜೈಲು, ಎರಡನೇ ಸಲ ಐದು ವರ್ಷದವರೆಗೆ. ಆ ಸೆಕ್ಷನ್ನಿನಲ್ಲಿ ಪ್ರೀತಿ ಎಂಬ ಪದವೇ ಇಲ್ಲ, ನಿಮ್ಮ ತಲೆಬರಹದಲ್ಲಿ ಮಾತ್ರ ಇದೆ. ಇಂಥ ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ ಅಪರಾಧದ, ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲೇ ಹೇಳಿದೆ. ಟೈಪಿಂಗ್ ಅಂಗಡಿಯವಳಿಗೆ ಗೊತ್ತಿರುವುದು ಸಂಬಳ ತೆಗೆದುಕೊಳ್ಳುವವರಿಗೆ ಗೊತ್ತಿರಬೇಡವೆ?

ಇನ್ನು ‘ಪಾಗಲ್’ ಎನ್ನುವ ಮಾತು. ಸಂಪಾದಕರೆ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು. ನನ್ನ ತಮ್ಮನಿಗೆ ಗೀಳು ಕಾಯಿಲೆ ಇದೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ರಾತ್ರಿ ಇಪ್ಪತ್ತು ಸಲ ಎದ್ದು ನೋಡುತ್ತಿದ್ದ, ಕೈ ತೊಳೆದು ತೊಳೆದು ಚರ್ಮ ಸುಲಿದಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದ ಮೇಲೆ ಮಾತ್ರೆ ನಡೆಯುತ್ತಿದೆ, ಕೆಲಸಕ್ಕೂ ಹೋಗುತ್ತಾನೆ. ಅವನು ಇಷ್ಟು ವರ್ಷದಲ್ಲಿ ಒಂದು ಹೆಣ್ಣಿನ ದಾರಿಗೆ ಅಡ್ಡ ನಿಂತವನಲ್ಲ, ಒಬ್ಬರ ಮೇಲೆ ಕೈ ಎತ್ತಿದವನಲ್ಲ. ಅವನು ಹಿಂಸೆ ಕೊಟ್ಟಿದ್ದರೆ ಅದು ತನಗೇ. ನೀವು ಕೀ ಕಿತ್ತುಕೊಂಡವನನ್ನು ಹುಚ್ಚ ಎಂದು ಬರೆದರೆ ನಿಜವಾಗಿ ಮನಸ್ಸಿನ ಕಾಯಿಲೆ ಇರುವವರನ್ನು ಊರವರು ಇನ್ನಷ್ಟು ದೂರ ಇಡುತ್ತಾರೆ. ಆ ಕಡೆ ‘ಹುಚ್ಚು, ಪಾಪ’ ಎಂದು ಕೀ ಕಿತ್ತುಕೊಂಡವನು ತಪ್ಪಿಸಿಕೊಳ್ಳುತ್ತಾನೆ. ನಾನು ಕಂಡ ಹುಡುಗನಿಗೆ ಬುದ್ಧಿ ಸರಿಯಾಗಿಯೇ ಇತ್ತು. ಪೊಲೀಸರು ಬಂದ ಕೂಡಲೇ ಕೈ ಕಟ್ಟಿ ನಿಂತ, ‘ಸಾರ್’ ಎಂದ. ಅವನಿಗೂ ಒಳಗೆ ಏನಾದರೂ ತೊಂದರೆ ಇದ್ದರೆ ಮಾನಸಿಕ ಆರೋಗ್ಯಕ್ಕೆಂದು ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ ಇದೆ, 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಮನೆಯವರು ಮಾಡಿಸಲಿ. ಆದರೆ ಅದು ಕೇಸು ಹಾಕಿದ ಮೇಲೆ.

ಪುಟ್ಟಣ್ಣ ಕಣಗಾಲರು 1982ರಲ್ಲೇ ‘ಮಾನಸ ಸರೋವರ’ದಲ್ಲಿ ರೋಗಿಯನ್ನು ಪ್ರೀತಿಸಿದ ಮನೋವೈದ್ಯನೇ ಮತಿಗೆಡುವ ಕಥೆ ತೋರಿಸಿದ್ದರು. ನಮ್ಮಮ್ಮ ಅದನ್ನು ನೆನೆದು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ಸಂಕಟಕ್ಕೆ ಅತ್ತ ಊರಿನಲ್ಲಿ ಈಗ ಹೆಣ್ಣಿನ ಭಯಕ್ಕೆ ಶಿಳ್ಳೆ ಬೀಳುತ್ತಿದೆ.

ಅಧಿಕಾರಿಗಳಿಗೂ ಒಂದು ಮಾತು. ನಮ್ಮ ಕ್ರಾಸಿನ ಬೀದಿದೀಪಕ್ಕೆ ಮೂರು ಅರ್ಜಿ ಕೊಟ್ಟಿದ್ದೇನೆ, ಮೂರಕ್ಕೂ ಸ್ವೀಕೃತಿ ಇದೆ, ದೀಪ ಇಲ್ಲ. ಮೂಲೆಯ ಸಿ.ಸಿ. ಕ್ಯಾಮೆರಾ ಗಾಳಿಗೆ ತಿರುಗಿ ತೆಂಗಿನಮರ ನೋಡುತ್ತಿದೆ, ಎರಡು ವರ್ಷವಾಯಿತು. ಹೆಣ್ಣುಮಕ್ಕಳ ರಕ್ಷಣೆಗೆಂದು ಒಂದು ಜೀಪು ಕೆಲವು ದಿನ ಕಾಲೇಜಿನ ಮುಂದೆ ನಿಲ್ಲುತ್ತಿತ್ತು, ಅದೂ ಕಾಣುತ್ತಿಲ್ಲ. ಇ-ಖಾತೆಗೆಂದು ನಾನು ಎಂಟು ತಿಂಗಳು ಅಲೆದೆ, ಅದು ಬೇರೆ ಕಥೆ, ಆದರೆ ಕೂತ ಕುರ್ಚಿಯಿಂದ ಏಳದ ಚಾಳಿ ಎಲ್ಲ ಕಡೆ ಒಂದೇ.

ಹಾಗಾಗಿ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಗೇಟಿನಲ್ಲಿ ವಯಸ್ಸು ನೋಡಬೇಕು, ಶೋ ಬಿಡುವ ಹೊತ್ತಿಗೆ ಒಬ್ಬ ಮಹಿಳಾ ಪೇದೆ ನಿಲ್ಲಬೇಕು, ದೀಪ ಹಾಕಬೇಕು, ಮುಚ್ಚಳಿಕೆ ಬರೆಸುವ ಈ ಪದ್ಧತಿ ನಿಲ್ಲಬೇಕು. ನೀವು ಆ ಪದ ಬಿಡಬೇಕು. ಬಿಡಲಾಗದಿದ್ದರೆ ಆ ಹುಡುಗಿಯ ಮನೆಗೆ ಹೋಗಿ, ಅವಳಪ್ಪನ ಮುಂದೆ ಕೂತು, ನಿಮ್ಮ ತಲೆಬರಹವನ್ನು ಒಮ್ಮೆ ಗಟ್ಟಿಯಾಗಿ ಓದಿ. ವಿಡಿಯೋ ಮಾಡಿದ ಆ ಐದಾರು ಜನರೂ ಇದನ್ನು ಓದುತ್ತಿದ್ದರೆ, ನಾಚಿಕೆಯಾಗಬೇಕು ನಿಮಗೆ.

ನನ್ನ ಹೆಸರು, ಅಂಗಡಿಯ ವಿಳಾಸ ಪ್ರಕಟಿಸಬೇಡಿ. ಅವನು ನನ್ನ ಮಗಳ ಮುಖ ನೋಡಿದ್ದಾನೆ, ಅವಳು ದಿನಾ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗಬೇಕು.

– ಒಬ್ಬ ತಾಯಿ, ತುಮಕೂರು