ಹಿರಿಯರಿಗೆ ಹಳ್ಳಿಯಲ್ಲೇ ಮೊಬೈಲ್ ಪಾಠ ಸಿಗಲಿ

ಮನೆಯಲ್ಲಿದ್ದುಕೊಂಡೇ ಮೊಬೈಲ್ ಮೂಲಕ ವೈದ್ಯರ ಸಲಹೆ ಪಡೆಯಬಹುದಾದ ‘ಇ–ಸಂಜೀವನಿ’ ಉಚಿತ ಸೇವೆ 2020ರಿಂದಲೇ ಇದ್ದರೂ, ವಿಜಯಪುರ ಜಿಲ್ಲೆಯ ಹಳ್ಳಿಗಳ ಅನೇಕ ಹಿರಿಯರಿಗೆ ಅದನ್ನು ಬಳಸುವ ಬಗೆ ತಿಳಿದಿಲ್ಲ. ಮಕ್ಕಳು ದುಡಿಮೆಗೆಂದು ಪುಣೆ, ಗೋವಾಕ್ಕೆ ಹೋಗಿರುವ ಮನೆಗಳಲ್ಲಿ, ರಕ್ತದೊತ್ತಡದ ಮಾತ್ರೆ ಮುಂದುವರಿಸಬೇಕೇ ಎಂದು ಕೇಳುವುದಕ್ಕೂ ಇಂಡಿ, ಸಿಂದಗಿ ತಾಲ್ಲೂಕುಗಳ ವೃದ್ಧರು ಉರಿಬಿಸಿಲಿನಲ್ಲಿ ಬಸ್ಸು ಹಿಡಿದು ಪಟ್ಟಣಕ್ಕೆ ಬರುತ್ತಾರೆ. ಮೊಬೈಲ್ ಕೈಯಲ್ಲಿದ್ದರೂ ಒಟಿಪಿ ಎಂದೊಡನೆ ಹಣ ಹೋದೀತೆಂಬ ಭಯ. ಸೈಬರ್ ವಂಚನೆಯ ಈ ದಿನಗಳಲ್ಲಿ ಅದು ಸಹಜವೂ ಹೌದು. ಆದ್ದರಿಂದ ಜಿಲ್ಲಾ ಪಂಚಾಯಿತಿಯು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ವಾರಕ್ಕೊಂದು ದಿನ ಕಾಲೇಜು ವಿದ್ಯಾರ್ಥಿಗಳ ನೆರವಿನಿಂದ ಈ ಸೇವೆಯನ್ನೂ 14567 ಹಿರಿಯರ ಸಹಾಯವಾಣಿಯನ್ನೂ ಬಳಸುವ ಕ್ರಮವನ್ನು ಹಿರಿಯರಿಗೆ ಸಾವಧಾನವಾಗಿ, ಕನ್ನಡದಲ್ಲೇ ಕಲಿಸುವ ವ್ಯವಸ್ಥೆ ಮಾಡಬೇಕು.

–ನಿವೃತ್ತ ಶಿಕ್ಷಕ, ವಿಜಯಪುರ